ಸೆಮಾಗ್ಲುಟೈಡ್ ಎಲ್ಲ ರೋಗಕ್ಕೂ ಮದ್ದಲ್ಲ

ಮಾನ್ಯ ಸಂಪಾದಕರೆ,

ಮಧುಮೇಹಕ್ಕೆಂದು ಬಂದು ತೂಕ ಇಳಿಸಲು ಹೆಸರಾದ ಸೆಮಾಗ್ಲುಟೈಡ್ ಚುಚ್ಚುಮದ್ದು ಹೃದಯಕ್ಕೂ ಒಳ್ಳೆಯದು, ಮಿದುಳಿಗೂ ಒಳ್ಳೆಯದು ಎಂಬ ಸುದ್ದಿ ಹೆಚ್ಚುತ್ತಿದೆ. ಸಾಬೀತಾದದ್ದನ್ನೂ ಆಗದ್ದನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸರಿಯಲ್ಲ.

ಹೃದಯದ ಪುರಾವೆ ಗಟ್ಟಿಯಾಗಿದೆ. 2023ರ 'ಸೆಲೆಕ್ಟ್' ಅಧ್ಯಯನದಲ್ಲಿದ್ದ 17,604 ಮಂದಿಗೆ ಮಧುಮೇಹವಿರಲಿಲ್ಲ. ಆದರೆ ಹೃದಯ, ರಕ್ತನಾಳದ ಕಾಯಿಲೆಯೂ ಹೆಚ್ಚು ತೂಕವೂ ಇದ್ದವು. ವಾರಕ್ಕೆ 2.4 ಮಿ.ಗ್ರಾಂ. ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ 20ರಷ್ಟು ಇಳಿದವು. ಈ 20 ಎಂದರೆ ಈ ಮದ್ದು ಪಡೆಯದವರಲ್ಲಿ ನೂರಕ್ಕೆ 8 ಮಂದಿಗೆ ಆದದ್ದು, ಪಡೆದವರಲ್ಲಿ 6.5 ಆಯಿತು ಎಂದಷ್ಟೇ. ಹೃದ್ರೋಗವೇ ಇಲ್ಲದವರಿಗೆ ಈ ಲೆಕ್ಕ ಅನ್ವಯಿಸದು. ಮೂತ್ರಪಿಂಡಕ್ಕೂ ಲಾಭವೆಂದು ತೋರಿಸಿದ ಅಧ್ಯಯನ ನಡೆದದ್ದು ಟೈಪ್ 2 ಮಧುಮೇಹಿಗಳಲ್ಲಿ, ಅದೂ ವಾರಕ್ಕೆ 1 ಮಿ.ಗ್ರಾಂ.ನಲ್ಲಿ. ಲಿವರ್‌ಗೆ ಅಮೆರಿಕ 2025ರಲ್ಲಿ ಒಪ್ಪಿಗೆ ಕೊಟ್ಟಿತು, ನಿಜ. ಆದರೆ ಅದು ಸ್ಕ್ಯಾನಿಂಗ್‌ನಲ್ಲಿ 'ಫ್ಯಾಟಿ ಲಿವರ್' ಎಂದು ಬಂದ ಎಲ್ಲರಿಗೂ ಅಲ್ಲ. ಉರಿಯೂತವಿದ್ದು, ಲಿವರ್ ಸಾಕಷ್ಟು ನಾರುಗಟ್ಟಿ, ಇನ್ನೂ ಸಿರೋಸಿಸ್ (ಲಿವರ್ ಪೂರ್ತಿ ಗಡುಸಾಗುವ ಹಂತ) ಆಗದವರಿಗೆ ಮಾತ್ರ. ನಿದ್ರೆಯಲ್ಲಿ ಉಸಿರುಕಟ್ಟುವಿಕೆಗೆ ಒಪ್ಪಿಗೆ ಪಡೆದದ್ದು ಬೇರೆಯೇ ಔಷಧ, ಟಿರ್ಜೆಪಟೈಡ್. ಮಿದುಳಿನ ವಿಷಯದಲ್ಲಂತೂ ಆಸೆ ಬಿದ್ದುಹೋಗಿದೆ: ಆರಂಭಿಕ ಅಲ್ಝೈಮರ್ ಇದ್ದವರಿಗೆ ಸೆಮಾಗ್ಲುಟೈಡ್ ಮಾತ್ರೆ ಕೊಟ್ಟ ಎರಡು ದೊಡ್ಡ ಪ್ರಯೋಗಗಳಲ್ಲೂ ಮರೆವು ನಿಧಾನವಾಗಲಿಲ್ಲವೆಂದು ತಯಾರಕರೇ 2025ರ ನವೆಂಬರ್‌ನಲ್ಲಿ ಪ್ರಕಟಿಸಿದರು.

ಭಾರತದಲ್ಲಿ ಇದರ ಪೇಟೆಂಟ್ 2026ರ ಮಾರ್ಚ್‌ವರೆಗೆ ಮಾತ್ರ. ಅಗ್ಗದ ಔಷಧ ಸಿಗುವುದು ಒಳ್ಳೆಯದೇ. ಆದರೆ ತಾವೇ ಕೊಂಡು ಚುಚ್ಚಿಕೊಳ್ಳುವವರು ಎಡವುವುದು ಪ್ರಮಾಣದಲ್ಲಿ. ವಾರಕ್ಕೊಮ್ಮೆ 0.25 ಮಿ.ಗ್ರಾಂ.ನಿಂದ ಶುರು, ನಾಲ್ಕು ವಾರದ ಬಳಿಕ 0.5, ಆಮೇಲೆ ಹಂತಹಂತವಾಗಿ ಏರಿಕೆ. ಅವಸರಿಸಿದರೆ ವಾಂತಿ ಶುರುವಾಗಬಹುದು, ನೀರಿನಂಶ ಇಳಿದು ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವವರು, ಇನ್ಸುಲಿನ್ ಪಡೆಯುವವರು ವೈದ್ಯರನ್ನು ಕೇಳಿ ಆ ಔಷಧಗಳ ಪ್ರಮಾಣ ತಗ್ಗಿಸದೆ ಇದನ್ನು ಸೇರಿಸಿಕೊಂಡರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಮ್ಮಲ್ಲಿ ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಬೆರೆಸಿದ ಮಾತ್ರೆ ಬಹಳ ಬಳಕೆಯಲ್ಲಿದೆ; ಅದರೊಳಗೆ ಏನಿದೆಯೆಂದು ನುಂಗುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಈ ಮದ್ದಿನಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರಿಗೂ ಹೇಳಲೇಬೇಕು. ಉಪವಾಸವಿದ್ದರೂ ಹೊಟ್ಟೆಯಲ್ಲಿ ಉಳಿದ ಆಹಾರ ಶ್ವಾಸಕೋಶಕ್ಕೆ ಇಳಿಯುವ ಸಂಭವವಿದೆ.

ಹೊಸ ಉಪಯೋಗದ ಸುದ್ದಿ ಅಚ್ಚಾಗುವಾಗ ಯಾವ ರೋಗಿಗಳಲ್ಲಿ, ಎಷ್ಟು ಪ್ರಮಾಣದಲ್ಲಿ, ನೂರಕ್ಕೆ ಎಷ್ಟು ಮಂದಿಗೆ ಲಾಭವಾಯಿತು ಎಂಬ ಮೂರು ವಿವರಗಳನ್ನೂ ದಯವಿಟ್ಟು ಅಚ್ಚುಹಾಕಿ.