ಗುಲಾಬಿ ಬಣ್ಣದ ಸಮುದ್ರ

ನಮಸ್ಕಾರ.

ಯುಗಾದಿ ಕಾರ್ಯಕ್ರಮದ ವರದಿ, ಫೋಟೋ ಎಲ್ಲ ಒಳಪುಟಗಳಲ್ಲಿವೆ. ಇಲ್ಲಿ ಮಾತ್ರ ನಮ್ಮ ಸಂಘಕ್ಕೆ ಸಂಬಂಧವಿಲ್ಲದ ಒಂದು ಹೊಲಿಗೆ ಕ್ಲಾಸಿನ ಕತೆ.

ಊರು ಅಫ್ಘಾನಿಸ್ತಾನದ ಹೆರಾತ್. 1995ರಲ್ಲಿ ತಾಲಿಬಾನ್ ಊರು ಹಿಡಿದ ಮೇಲೆ ಹುಡುಗಿಯರು ಓದುವ ಹಾಗಿರಲಿಲ್ಲ. ಹೊಲಿಗೆ ಕಲಿಯಬಹುದಿತ್ತು. ಹಾಗಾಗಿ ‘ಚಿನ್ನದ ಸೂಜಿ’ ಅನ್ನುವ ಹೊಲಿಗೆ ಕ್ಲಾಸು ಶುರುವಾಯಿತು. ಬುರ್ಖಾದೊಳಗೊಂದು ಚೀಲ, ಅದರಲ್ಲಿ ಮೇಲೆ ಬಟ್ಟೆ, ಕೆಳಗೆ ನೋಟ್‌ಬುಕ್ಕು. ಒಳಗೆ ಪ್ರೊಫೆಸರರೊಬ್ಬರು ಸಾಹಿತ್ಯ ಪಾಠ ಮಾಡುತ್ತಿದ್ದರು. ಆಮೇಲೆ ಕವಿಯಾಗಿ ಹೆಸರು ಮಾಡಿದ ನಾದಿಯಾ ಅಂಜುಮನ್ ಅಲ್ಲಿ ಕಲಿತವರು.

ಈ ಕತೆ ಹಳೆಯದಾಗಿಬಿಟ್ಟಿತು ಅಂದುಕೊಂಡಿದ್ದೆವು, ಅಲ್ವಾ? 2021ರ ಆಗಸ್ಟ್ 15ಕ್ಕೆ ತಾಲಿಬಾನ್ ಮತ್ತೆ ಕಾಬೂಲಿಗೆ ಬಂತು. ಆರನೇ ಕ್ಲಾಸಿನ ಮೇಲೆ ಹುಡುಗಿಯರಿಗೆ ಶಾಲೆ ಇಲ್ಲ. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯವೂ ಹೋಯಿತು, 2023ರಲ್ಲಿ ಬ್ಯೂಟಿ ಪಾರ್ಲರುಗಳು. 2024ರ ಕಾನೂನಿನ ಪ್ರಕಾರ ಹೆಣ್ಣಿನ ದನಿಯೂ ಹೊರಗೆ ಕೇಳಬಾರದು. ಸೂಜಿಯೇ ಮತ್ತೆ ಉಳಿದದ್ದು.

ಆ ಸೂಜಿ ಏನು ಮಾಡಬಲ್ಲದು ಅಂತ ನೋಡಬೇಕಾದರೆ ಕಂದಹಾರದ ಖಾಮಕ್ ಕಸೂತಿ ನೋಡಬೇಕು. ರೇಷ್ಮೆ ದಾರ, ತೆಳು ಬಟ್ಟೆ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹೊಲಿಯುತ್ತಾರೆ. ನಮ್ಮ ಧಾರವಾಡದ ಕಸೂತಿಯೂ ಹಾಗೇ, ಎಳೆ ಎಣಿಸುವ ಕೆಲಸ. ಒಂದು ಎಳೆ ತಪ್ಪಿದರೆ ಬಟ್ಟೆಯ ಮೇಲಿನ ಗೋಪುರವೇ ವಾಲುತ್ತದೆ. ವಿಚಿತ್ರ ಅಂದರೆ, ಖಾಮಕ್ ಜಾಸ್ತಿ ಮೆರೆಯುವುದು ಗಂಡಸರ ಅಂಗಿಯ ಎದೆಯ ಮೇಲೆ!

ಹೊರದೇಶದವರು ಈ ಕೈಗಳನ್ನು ಗುರುತಿಸಿದ್ದೂ ಅರ್ಧಂಬರ್ಧ. ಇಟಲಿಯ ಕಲಾವಿದ ಅಲಿಗಿಯೇರೊ ಬೊಯೆಟ್ಟಿ 1971ರಿಂದ ಕಾಬೂಲಿನ ಹೆಂಗಸರ ಕೈಯಲ್ಲಿ ಪ್ರಪಂಚದ ನಕ್ಷೆಗಳನ್ನು ಕಸೂತಿ ಮಾಡಿಸಿದ. ಸೋವಿಯತ್ ಸೈನ್ಯ ಬಂದ ಮೇಲೆ ಕೆಲಸ ಪಾಕಿಸ್ತಾನದ ಪೇಶಾವರದಲ್ಲಿದ್ದ ಅಫ್ಘನ್ ನಿರಾಶ್ರಿತ ಹೆಂಗಸರ ಕೈಗೆ ಹೋಯಿತು. ಒಂದು ಸಲ ಸಮುದ್ರ ಗುಲಾಬಿ ಬಣ್ಣದಲ್ಲಿ ಬಂತು. ಕಡಲೇ ಇಲ್ಲದ ನಾಡು, ಕೈಯಲ್ಲಿ ಗುಲಾಬಿ ದಾರ ಬೇಕಾದಷ್ಟಿತ್ತು. ಬೊಯೆಟ್ಟಿಗೆ ಇದು ಎಷ್ಟು ಹಿಡಿಸಿತೆಂದರೆ, ಅಲ್ಲಿಂದ ಮುಂದೆ ಸಮುದ್ರದ ಬಣ್ಣವನ್ನು ಅವರಿಗೇ ಬಿಟ್ಟ. ಇವತ್ತು ಆ ನಕ್ಷೆಗಳು ಲಕ್ಷಗಟ್ಟಲೆ ಡಾಲರಿಗೆ ಹರಾಜಾಗುತ್ತವೆ. ಮೇಲಿರುವುದು ಬೊಯೆಟ್ಟಿಯ ಹೆಸರು. ನಮ್ಮಜ್ಜಿ ಹೊಲಿದ ಕೌದಿಗೂ ಹೆಸರಿಲ್ಲ ನಿಜ, ಆದರೆ ಯಾರು ಹೊಲಿದದ್ದು ಅಂತ ಮನೆಮಂದಿಗೆಲ್ಲ ಗೊತ್ತು. ಅದನ್ನು ಯಾರೂ ಹರಾಜಿಗೆ ಇಟ್ಟಿಲ್ಲ.

ಆ ನಕ್ಷೆ ಹೊಲಿದವರ ಹೆಸರನ್ನು ಅಂದು ಯಾರೂ ಕೇಳಲಿಲ್ಲ. ಈಗ ಕೇಳಿದರೂ ಹೇಳುವ ಹಾಗಿಲ್ಲ. ಹೆಂಗಸರ ಹಕ್ಕಿನ ಮಾತು ಹೊಲಿದ ಬಟ್ಟೆಯ ಮೇಲೆ ಹೆಸರಿದ್ದರೆ ಮನೆ ಬಾಗಿಲಿಗೆ ಯಾರು ಬರುತ್ತಾರೋ. ಹಾಗಾಗಿ ಅಫ್ಘನ್ ಕಸೂತಿಯ ಪ್ರದರ್ಶನಗಳಿಗೆ ಹೋದಾಗ ನಾನು ಹೆಸರು ಕೇಳುವುದಿಲ್ಲ. ದುಡ್ಡಿನ ಬಗ್ಗೆ ಕೇಳುತ್ತೇನೆ. ಹೊಲಿದವಳಿಗೆ ಎಷ್ಟು ಹೋಯಿತು? ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಈ ಪ್ರಶ್ನೆಗೆ ನನಗೆ ಇಷ್ಟವಾದ ಉತ್ತರ ಜರ್ಮನಿಯ ಫ್ರೈಬರ್ಗಿನಲ್ಲಿ ಶುರುವಾದ ‘ಗುಲ್ದೂಸಿ’ ಅನ್ನುವ ಕಸೂತಿ ಯೋಜನೆ. ಅಫ್ಘನ್ ಹಳ್ಳಿಯ ಹೆಂಗಸರು ಅಂಗೈಯಗಲದ ಚೌಕಗಳನ್ನು ಕಸೂತಿ ಮಾಡಿ ಮಾರುತ್ತಾರೆ. ಯೂರೋಪಿನ ಹೆಂಗಸರು ಕೊಂಡು ಅದರ ಸುತ್ತ ತಮ್ಮ ಹೊಲಿಗೆ ಸೇರಿಸುತ್ತಾರೆ. ಒಂದು ಚೌಕ ಸಿಕ್ಕರೆ ತರಿಸಬೇಕು ಅಂತಿದ್ದೇನೆ. ಅದರ ಸುತ್ತ ನಮ್ಮ ಕಸೂತಿಯ ಮೆಂತಿ, ಗವಂತಿ ಹೊಲಿಗೆ ಹಾಕಿಕೊಡಲು ಧಾರವಾಡದ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ನನ್ನ ಕೈಯಲ್ಲಿ ಅಂಗಿಯ ಗುಂಡಿಯೂ ನೆಟ್ಟಗೆ ನಿಲ್ಲುವುದಿಲ್ಲ.

— ಸಂಪಾದಕ