ತನಿ ಮುಗಿಯುವ ತನಕ ಏಳಬೇಡ

ಮಂಡ್ಯ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ,

ಬೆಂಗಳೂರಿನ ರಾಮನವಮಿ ಸಂಗೀತೋತ್ಸವಕ್ಕೆ ಸ್ನೇಹಿತೆಯರ ಜೊತೆ ಕಾರಲ್ಲಿ ಹೋಗಿ ರಾತ್ರಿಯೇ ಮೈಸೂರಿಗೆ ವಾಪಸ್ ಬರ್ತೀವಿ ಅಂದೆಯಲ್ಲ. ಹೋಗು, ಖಂಡಿತ ಹೋಗು. ಆದರೆ ಕಾರು ಬೇಡ. ರೈಲಲ್ಲಿ ಹೋಗು, ರಾತ್ರಿ ಅಲ್ಲೇ ಚಿಕ್ಕಮ್ಮನ ಮನೇಲಿ ಉಳಿದುಕೋ. ಫೋನಲ್ಲಿ ಹೇಳಿದ್ರೆ ಅಮ್ಮಂಗೆ ಭಯ ಅಂತ ನೀನೂ ಅಪ್ಪನೂ ಸೇರಿ ಮಾತು ಮುಗಿಸಿಬಿಡ್ತೀರ. ರಾತ್ರಿ ಹೊತ್ತು ಆ ದಶಪಥದಲ್ಲಿ ಗಾಡಿ ಓಡಿಸೋದು ನನಗೆ ಇಷ್ಟ ಇಲ್ಲ, ಅದು ನಿಜ. ನಾನು ಹೇಳಬೇಕಾದದ್ದು ಮಾತ್ರ ಬೇರೆ. ಅದಕ್ಕೇ ಬರೀತಾ ಇದ್ದೀನಿ.

ಅದೇ ರಾತ್ರಿ ವಾಪಸಾಗಬೇಕು ಅಂತ ಹೊರಟವರು ಪೂರ್ತಿ ಕಛೇರಿ ಕೇಳೋದೇ ಇಲ್ಲ. ಆರೂವರೆ ಸುಮಾರಿಗೆ ಕಛೇರಿ ವರ್ಣದಿಂದ ಶುರುವಾಗುತ್ತೆ ಅಂತಿಟ್ಟುಕೋ. ಗಣಪತಿ ಮೇಲೊಂದು ಕೃತಿ, ಇನ್ನೆರಡು ಚಿಕ್ಕವು, ಒಂದು ವಿಳಂಬದ್ದು. ಆಮೇಲೆ ಪ್ರಧಾನ ರಾಗ ಕೈಗೆತ್ತಿಕೊಳ್ಳುವ ಹೊತ್ತಿಗೆ ಎಂಟು ಗಂಟೆ ಹತ್ತಿರ ಬಂದಿರುತ್ತೆ. ಆಲಾಪನೆ, ಪಿಟೀಲಿನವರ ಆಲಾಪನೆ, ಕೃತಿ, ಅದರ ಒಂದು ಸಾಲನ್ನೇ ತಿರುತಿರುಗಿ ಬೆಳೆಸೋ ನೆರವಲ್, ಸ್ವರ. ಅಷ್ಟಾದ ಮೇಲೆ ತನಿ ಆವರ್ತನ, ಹಾಡು ನಿಲ್ಲಿಸಿ ತಾಳವಾದ್ಯದವರೇ ನುಡಿಸೋ ಭಾಗ. ಅಷ್ಟರಲ್ಲಿ ನಿಮ್ಮಲ್ಲಿ ಯಾರಾದರೊಬ್ಬಳು ಗಡಿಯಾರ ನೋಡ್ತಾಳೆ. ಲೇಟಾಯ್ತು ಕಣ್ರೇ ಅಂತಾಳೆ. ನೀನು ಇಷ್ಟು ವರ್ಷದಿಂದ ಕಲೀತಿರೋದು ಮೃದಂಗ. ನೀನು ಕೇಳಲೇಬೇಕಾದ ಭಾಗ ಬರುವಾಗ ನಿಮ್ಮ ಕಾರು ಕೆಂಗೇರಿ ದಾಟಿರುತ್ತೆ.

ತನಿ ಶುರುವಾದ ಕೂಡಲೇ ಸಾಲುಸಾಲಾಗಿ ಎದ್ದು ಕಾಫಿಗೆ ಹೋಗೋ ಜನರನ್ನ ನೋಡಿದ್ರೆ ನನಗೆ ಈಗಲೂ ಸಂಕಟ ಆಗುತ್ತೆ. ಎರಡು ಗಂಟೆ ಹೊತ್ತು ಆ ಮೃದಂಗದವರು ಹಾಡುವವರ ಉಸಿರು ನೋಡ್ಕೊಂಡು ನುಡಿಸಿದ್ದಾರೆ. ಎಲ್ಲಿ ಕೈ ತಗ್ಗಿಸಬೇಕೋ ಅಲ್ಲಿ ತಗ್ಗಿಸಿ, ಎಲ್ಲಿ ಸುಮ್ಮನಾಗಬೇಕೋ ಅಲ್ಲಿ ಸುಮ್ಮನಾಗಿ, ಇಡೀ ಸಂಜೆ ಇನ್ನೊಬ್ಬರ ಸಂಗೀತಕ್ಕೆ ಹೆಗಲು ಕೊಟ್ಟಿದ್ದಾರೆ. ತಮ್ಮ ಮನಸ್ಸಿನಲ್ಲಿರೋದನ್ನ ಹೇಳೋಕೆ ಅವರಿಗೆ ಸಿಗೋದು ಆ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಅದೇ ಹೊತ್ತಲ್ಲಿ ಎದುರುಗಡೆ ಕುರ್ಚಿಗಳು ಖಾಲಿಯಾಗ್ತಾವೆ. ನಾಳೆ ಆ ಜಾಗದಲ್ಲಿ ಕೂರುವವಳು ನೀನು ಕಣವ್ವ. ನೀನು ಏಳಬಾರದು.

ಈಗ ರೈಲಿನ ವಿಷಯ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಬೇಡ. ಅದು ಪಾಸಿನವರ ಗಾಡಿ, ದಿನಾ ಕೆಲಸಕ್ಕೆ ಹೋಗಿಬರುವವರಿಗೇ ಕೂರೋಕೆ ಜಾಗ ಸಾಲದು. ಸಂಜೆ ನಾಲ್ಕರೊಳಗೆ ಬೆಂಗಳೂರು ಮುಟ್ಟಿಸೋ ಒಂದು ಗಾಡಿ ನೋಡಿಕೋ. ನಿಧಾನದ ಮೆಮು ಆದರೂ ಪರವಾಗಿಲ್ಲ, ಒಟ್ಟು ದಾರಿ ಸುಮಾರು 140 ಕಿಲೋಮೀಟರ್ ಅಷ್ಟೆ. ಕಿಟಕಿ ಪಕ್ಕ ಕೂತ್ಕೋ. ಕಿವಿಗೆ ಹೆಡ್‌ಫೋನ್ ಹಾಕಬೇಡ. ದಾರಿಯುದ್ದಕ್ಕೂ ಹಾಡು ಕೇಳ್ಕೊಂಡು ಹೋದ ಕಿವಿ ಕಛೇರಿ ಶುರುವಾಗೋ ಹೊತ್ತಿಗೇ ದಣಿದಿರುತ್ತೆ.

ನಾನು ಚಿಕ್ಕವಳಿದ್ದಾಗ ಈ ಲೈನು ಮೀಟರ್‌ಗೇಜು. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಆಗ ಹಳಿಗಳು ತುಂಡುತುಂಡಾಗಿದ್ದವು, ಎರಡು ತುಂಡಿನ ನಡುವೆ ಬೇಸಗೆಯಲ್ಲಿ ಕಬ್ಬಿಣ ಹಿಗ್ಗಲಿ ಅಂತ ಸಣ್ಣ ಸಂದು ಬಿಟ್ಟಿರ್ತಿದ್ರು. ಒಂದು ಬೋಗಿಯ ಹಿಂದಿನ ಎರಡು ಜೊತೆ ಗಾಲಿ, ಅದರ ಬೆನ್ನಿಗೇ ಇನ್ನೊಂದು ಬೋಗಿಯ ಮುಂದಿನ ಎರಡು ಜೊತೆ ಆ ಸಂದನ್ನು ದಾಟುವಾಗ ನಾಲ್ಕು ಪೆಟ್ಟು ಒಟ್ಟಿಗೆ ಬೀಳೋದು. ಆಮೇಲೆ ಬೋಗಿಯ ಹೊಟ್ಟೆಯಷ್ಟು ಉದ್ದಕ್ಕೆ ಬಿಡುವು. ಮತ್ತೆ ನಾಲ್ಕು ಪೆಟ್ಟು. ತಕಧಿಮಿ ಹೇಳಿಕೊಡೋಕೆ ಮೇಷ್ಟ್ರೇ ಬೇಡ ಅನ್ನಿಸೋದು. ಈಗ ಹಳಿಗಳನ್ನ ಉದ್ದಕ್ಕೂ ಬೆಸೆದಿದ್ದಾರೆ, ಆ ಸದ್ದು ಇಲ್ಲ. ಆದರೆ ಸ್ಟೇಷನ್ ಹತ್ತಿರ ಗಾಡಿ ಲೈನು ಬದಲಿಸುವ ಕಡೆ ಇನ್ನೂ ಕೇಳುತ್ತೆ. ವೇಗ ತಗ್ಗಿದ ಹಾಗೆ ಪೆಟ್ಟುಗಳ ನಡುವಿನ ಜಾಗ ಅಗಲ ಆಗುತ್ತಲ್ಲ, ಅಲ್ಲಿ ತೊಡೆ ಮೇಲೆ ತಾಳ ಹಾಕ್ಕೊಂಡು ನೋಡು. ಪೆಟ್ಟಿನ ಹಿಂದೆ ಹೋಗಬೇಡ, ನಿನ್ನ ತಾಳ ನಿನ್ನದೇ ಇರಲಿ. ಹೊರಗಡೆ ಲಯ ಜಾರುತ್ತಾ ಇದ್ದರೂ ಕೈ ಅಲ್ಲಾಡದೆ ಇರೋದು ಕಛೇರಿಯಲ್ಲೂ ಬೇಕಾಗುತ್ತೆ.

ಶ್ರೀರಂಗಪಟ್ಟಣದಲ್ಲಿ ಗಾಡಿ ಕಾವೇರಿಯನ್ನ ಎರಡು ಸಲ ದಾಟುತ್ತೆ, ಊರು ದ್ವೀಪ ಅಲ್ವಾ. ಬೇಸಗೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತೆ. ಸ್ಟೇಷನ್ ಹತ್ತಿರ ಟಿಪ್ಪುವಿನ ಕಾಲದ ಮದ್ದಿನಮನೆ ಒಂದಿದೆ. ಜೋಡಿ ಹಳಿಗೆ ಅದು ಅಡ್ಡ ಬಂದಾಗ ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನ ಬುಡಸಮೇತ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದ್ರು. ಮೊದಲೆಲ್ಲ ಎದುರು ಗಾಡಿ ಬರೋ ತನಕ ಕ್ರಾಸಿಂಗ್ ಅಂತ ಸಣ್ಣಸಣ್ಣ ಸ್ಟೇಷನ್ನಲ್ಲಿ ಕಾಯ್ತಾ ಕೂರಬೇಕಿತ್ತು. ಈಗ ಎರಡು ಗಾಡಿ ಓಡುತ್ತಲೇ ಒಂದನ್ನೊಂದು ದಾಟ್ತವೆ. ಹಾಗೆ ದಾಟುವಾಗ ಎದುರಿನ ಗಾಡಿ ಹಾರನ್ ಹಾಕಿದ್ರೆ ಗಮನ ಇಟ್ಟು ಕೇಳು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಶಬ್ದದ ಪಾಠ ಮಾಡುವಾಗೆಲ್ಲ ನಾನು ಇದನ್ನ ಹೇಳ್ತೀನಿ. ಪ್ಲಾಟ್‌ಫಾರಂ ಮೇಲೆ ನಿಂತವರ ಮುಂದೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾರನ್ ಹಾಕ್ಕೊಂಡು ಹೋಗುವ ಗಾಡಿಯ ಶ್ರುತಿ, ಹತ್ತಿರ ಬರುವಾಗ ಏರಿ, ದಾಟಿದ ಕೂಡಲೇ ಸುಮಾರು ಮೂರು ಸ್ವರಸ್ಥಾನ ಇಳಿಯುತ್ತೆ. ಶುದ್ಧ ಮಧ್ಯಮದಿಂದ ಚತುಶ್ರುತಿ ರಿಷಭಕ್ಕೆ ಬಿದ್ದಷ್ಟು. ನೀನು ಕೂತ ಗಾಡಿಯೂ ಅದೇ ವೇಗದಲ್ಲಿ ಎದುರಿಗೆ ಹೋಗ್ತಿದ್ರೆ ಹತ್ತಿರಹತ್ತಿರ ಅದರ ಎರಡರಷ್ಟು. ನಿನ್ನ ಗಾಡಿಯ ಹಾರನ್ ಮಾತ್ರ ನಿನಗೆ ಬದಲಾಗೋದೇ ಇಲ್ಲ, ಅದು ನಿನ್ನ ಜೊತೆಗೇ ಬರ್ತಿರುತ್ತೆ. ಮೃದಂಗದವರಿಗೆ ಶ್ರುತಿಜ್ಞಾನ ಯಾಕೆ ಅನ್ನೋರು ಇದ್ದಾರೆ. ಅವರ ಮಾತು ಕಿವಿಗೆ ಹಾಕ್ಕೋಬೇಡ. ಇಳಿದ ಶ್ರುತಿಯನ್ನ ಗುರುತಿಸೋ ಕಿವಿ ನಿನಗೆ ಮೊದಲು ಬೇಕು.

ಮದ್ದೂರಲ್ಲಿ ವಡೆ ಬರುತ್ತೆ, ತಿನ್ನು. ಚನ್ನಪಟ್ಟಣ, ರಾಮನಗರ ಎಲ್ಲ ನಿನಗೆ ಗೊತ್ತಿರೋದೇ.

ಬೆಂಗಳೂರಲ್ಲಿ ಇಳಿದು ಆಟೋ ಹುಡುಕ್ತಾ ನಿಲ್ಲಬೇಡ. ಮೆಜೆಸ್ಟಿಕ್‌ನಿಂದ ಹಸಿರು ಲೈನಿನ ಮೆಟ್ರೋ ಹತ್ತಿದ್ರೆ ಮೊದಲು ಚಿಕ್ಕಪೇಟೆ, ಆಮೇಲೆ ಕೆ.ಆರ್. ಮಾರ್ಕೆಟ್. ಅಲ್ಲಿ ಇಳಿದು ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನದ ಕಡೆಯಿಂದ ನಡೆದರೆ ಕಛೇರಿ ನಡೆಯೋ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ ಹತ್ತಿರವೇ. ಈ ಉತ್ಸವ ನಡೆಸೋ ಶ್ರೀರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಶುರುಮಾಡಿದ ಎಸ್.ವಿ. ನಾರಾಯಣಸ್ವಾಮಿರಾಯರು ಆಗಿನ್ನೂ ಹುಡುಗ, ನಿನಗಿಂತ ಚಿಕ್ಕವರು. ಆ ಪೆಂಡಾಲಿನಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಭೀಮಸೇನ ಜೋಶಿ ಹಾಡಿದ್ದಾರೆ. ಏಸಿ ಸಭಾಂಗಣದಲ್ಲಿ ಸಿಗದ ಒಂದು ಅನುಭವ ಅಲ್ಲಿದೆ: ಬೀದಿಯ ಸದ್ದು, ಸೆಕೆ, ಪಕ್ಕದವರ ತಾಳ, ಎಲ್ಲದರ ನಡುವೆ ಒಂದು ತಂಬೂರಿ ಶ್ರುತಿ ನಿಂತಿರುತ್ತೆ.

ಬೇಗ ಹೋಗಿ ವೇದಿಕೆಗೆ ಎದುರಾಗಿ ಎಡಗಡೆ ಕೂತ್ಕೋ. ಬಲಗೈ ಮೃದಂಗದವರು ಸಾಮಾನ್ಯವಾಗಿ ನಮ್ಮ ಎಡಕ್ಕೆ ಕೂರ್ತಾರೆ, ಬಲ ಮುಚ್ಚಿಗೆ, ಅಂದ್ರೆ ಬಲಗೈ ನುಡಿಸೋ ಚರ್ಮದ ಮುಖ, ನಮ್ಮ ಕಡೆಗೆ ಇರುತ್ತೆ. ಅಲ್ಲಿಂದ ಬೆರಳು ಕಾಣುತ್ತೆ. ಕಛೇರಿಗೆ ಮುಂಚೆ ಅವರು ಎಡ ಮುಚ್ಚಿಗೆಗೆ ರವೆ ಹಚ್ಚೋದನ್ನೂ ನೋಡು, ಎಷ್ಟು ಹಚ್ಚಿದ್ರು, ಎಷ್ಟು ಕಿತ್ತು ತೆಗೆದ್ರು ಅಂತ. ಬೇಸಗೆಯ ಒಣ ಗಾಳಿಗೆ ಚರ್ಮ ಬಿಗಿದು ಶ್ರುತಿ ಏರಿರುತ್ತೆ. ಚೈತ್ರ, ವೈಶಾಖದಲ್ಲಿ ಬೆಂಗಳೂರಿಗೆ ಸಂಜೆ ಮಳೆ ಹೊಸದಲ್ಲ. ಒಂದು ಮಳೆ ಬಿದ್ದರೆ ಅದೇ ಚರ್ಮ ತೇವ ಕುಡಿದು ಸಡಿಲ ಆಗುತ್ತೆ, ಶ್ರುತಿ ಇಳಿಯುತ್ತೆ. ಆಗ ಹಾಡುವವರು ಎರಡು ಕೃತಿಗಳ ನಡುವೆ ನೀರು ಕುಡಿಯೋ ಅಷ್ಟರಲ್ಲಿ ಇವರು ಕಲ್ಲು ತಗೊಂಡು ಅಂಚಿನ ಮೇಲಿಂದ ತಟ್ಟಿ ಏರಿಸ್ತಾರೆ, ಹೆಚ್ಚಾಯ್ತು ಅನ್ನಿಸಿದ್ರೆ ಕೆಳಗಿನಿಂದ ತಟ್ಟಿ ಇಳಿಸ್ತಾರೆ. ಮೈಕಿನಲ್ಲಿ ಕೇಳದ ಹಾಗೆ ಅದನ್ನ ಮುಗಿಸೋದೂ ಒಂದು ವಿದ್ಯೆ. ನಿನ್ನ ಮೃದಂಗ ಹಾಸ್ಟೆಲಲ್ಲಿ ಕಿಟಕಿ ಬಿಸಿಲಿಗೆ ಇಟ್ಟು ಹೋಗಬೇಡ.

ತನಿಯಲ್ಲಿ ಏನು ಕೇಳಬೇಕು ಅಂತ ನಾನು ನಿನಗೆ ಹೇಳಲಾರೆ. ಲೆಕ್ಕ ನಿನಗೆ ಬರುತ್ತೆ. ನನಗೆ ಕೇಳಿಸೋದನ್ನ ಹೇಳ್ತೀನಿ. ನಾಲ್ಕರ ಎಣಿಕೆಯ ಚತುರಶ್ರದಿಂದ ಮೂರರ ತಿಶ್ರಕ್ಕೆ ನಡೆ ತಿರುಗುವ ಜಾಗದಲ್ಲಿ ತಾಳ ಅದೇ ಇದ್ದರೂ ನೆಲವೇ ಓರೆಯಾದ ಹಾಗೆ ಅನ್ನಿಸುತ್ತೆ, ಆ ಒಂದು ಕ್ಷಣ ನನಗೆ ಬಹಳ ಇಷ್ಟ. ಘಟ, ಖಂಜಿರ ಇದ್ದರೆ ಒಬ್ಬರು ನುಡಿಸಿದ್ದನ್ನ ಇನ್ನೊಬ್ಬರು ಕೇಳಿಸಿಕೊಳ್ಳೋ ಮುಖ ನೋಡ್ತೀನಿ. ಸುತ್ತು ಚಿಕ್ಕದಾಗ್ತಾ, ಚಿಕ್ಕದಾಗ್ತಾ ಕೊನೆಗೆ ಎಲ್ಲರೂ ಒಟ್ಟಾಗ್ತಾರೆ. ತನಿ ಮುಗಿಸೋ ಮೋರಾ ಆಗಿ, ಮುಕ್ತಾಯ ಮೂರು ಸಲ ಬಂದು, ಹಾಡುವವರು ಬಿಟ್ಟಿದ್ದ ಸಾಲನ್ನ ಸರಿಯಾದ ಎಡುಪಿಗೆ, ತಾಳದಲ್ಲಿ ಅದು ಶುರುವಾಗೋ ಜಾಗಕ್ಕೇ, ಎತ್ತಿಕೊಂಡಾಗ ಆ ಸಾಲು ಮೊದಲಿನ ಹಾಗೆ ಇರಲ್ಲ. ಎದ್ದು ಹೋಗಿ ಕಾಫಿ ಕುಡಿದು ಬಂದವರಿಗೆ ಅದು ಅದೇ ಸಾಲು.

ನಿನ್ನ ತಾತನ ಮೂಡಲಪಾಯ ಯಕ್ಷಗಾನದ ಮೇಳಕ್ಕೆ ನಾನು ಅವರ ಜೊತೆ ಹೋಗ್ತಿದ್ದೆ. ಮುಖವೀಣೆ ಒಂದು ಕಡೆ, ತಾತನ ಮೃದಂಗ ಇನ್ನೊಂದು ಕಡೆ. ಚಾಪೆ ಮೇಲೆ ಕೂತ ಹೆಂಗಸರು ಮಗು ಮಲಗಿಸ್ಕೊಂಡು ಬೆಳಗಿನ ತನಕ ಕೂತಿರ್ತಿದ್ರು, ಮೃದಂಗ ಬಂತು ಅಂತ ಎದ್ದವರನ್ನ ನಾನು ನೋಡಿಲ್ಲ. ತಾತನಿಗೆ ನನಗೂ ಕಲಿಸೋ ಆಸೆ ಇತ್ತು. ಹೆಣ್ಣುಮಗಳ ಕೈಗೆ ಯಾಕೆ ಅಂತ ಊರಿನವರು ಆಡಿದ ಮಾತಿಗೆ ಅದು ನಿಂತುಹೋಯ್ತು. ಹೋದ ತಿಂಗಳು ನಿನಗೂ ಯಾರೋ ಅದೇ ಮಾತು ಹೇಳಿದ್ರು ಅಂತ ಅತ್ತೆಯಲ್ಲ, ಆ ದಿನದಿಂದ ಇದು ನನ್ನ ಮನಸ್ಸಲ್ಲೇ ಇದೆ.

ಸುಕನ್ಯಾ ರಾಮಗೋಪಾಲ್ ಅವರ ವಿಷಯ ನಿನಗೆ ಗೊತ್ತು. ಮೊದಲು ಮೃದಂಗ ಕಲಿತು ಆಮೇಲೆ ಘಟಕ್ಕೆ ಬಂದವರು. ಹುಡುಗಿಯ ಬೆರಳಿಗೆ ಘಟ ಕಷ್ಟ ಅನ್ನೋ ಮಾತು ಅವರೂ ಕೇಳಿದ್ದಾರೆ. 1995ರಲ್ಲಿ ಹೆಂಗಸರೇ ಇರುವ 'ಸ್ತ್ರೀ ತಾಳ ತರಂಗ' ಕಟ್ಟಿದ್ರು, ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಪಡೆದ್ರು. ಇನ್ನು ಹಳ್ಳಿಯವರಿಗೆ ಇದೆಲ್ಲ ಯಾಕೆ ಅನ್ನೋರಿಗೆ ನಮ್ಮ ಚೌಡಯ್ಯನವರ ಹೆಸರು ಹೇಳು. ತಿ. ನರಸೀಪುರದ ಹತ್ತಿರದ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಮೈಸೂರಲ್ಲಿ ಬಿಡಾರಂ ಕೃಷ್ಣಪ್ಪನವರ ಹತ್ತಿರ ಕಲಿತವರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ಪಿಟೀಲಿಗೆ ಏಳು ತಂತಿ ಹಾಕಿದ್ರು. ನಾಲ್ಕೇ ಇರಬೇಕು ಅಂದವರು ಆಗಲೂ ಇದ್ದೇ ಇರ್ತಾರೆ.

ಚಿಕ್ಕಮ್ಮನಿಗೆ ಫೋನ್ ಮಾಡಿದ್ದೀನಿ. ಕಛೇರಿ ಮುಗಿದ ಮೇಲೆ ಚಿಕ್ಕಪ್ಪ ಮೈದಾನದ ಗೇಟಿಗೇ ಬರ್ತಾರೆ, ಎಷ್ಟು ಹೊತ್ತಾದ್ರೂ ಕಾಯ್ತಾರೆ, ಮಂಗಳ ಹಾಡಿದ ಮೇಲೆ ಎದ್ದರೆ ಸಾಕು. ಸ್ನೇಹಿತೆಯರಿಗೂ ಹಾಸಿಗೆ ಇದೆ ಅಂದಿದ್ದಾಳೆ, ಅವರನ್ನೂ ಕರೆದುಕೊಂಡು ಹೋಗು. ಮಾರನೇ ದಿನ ಬೆಳಗ್ಗೆ ನಿಧಾನವಾಗಿ ಗಾಡಿ ಹತ್ತಿ.

ಯಾವ ಗಾಡಿ, ಎಷ್ಟನೇ ಬೋಗಿ ಅಂತ ಹತ್ತಿದ ಕೂಡಲೇ ಮೆಸೇಜ್ ಹಾಕು. ಮಂಡ್ಯದಲ್ಲಿ ಗಾಡಿ ನಿಲ್ಲೋದು ಸ್ವಲ್ಪ ಹೊತ್ತು, ಅಪ್ಪ ಪ್ಲಾಟ್‌ಫಾರಂ ಮೇಲೆ ಇರ್ತಾರೆ. ಚಿಕ್ಕಮ್ಮನ ಮನೆಗೆ ಆಲೆಮನೆ ಬೆಲ್ಲ, ನಿಮಗೆ ಪುಳಿಯೋಗರೆ, ಒಂದು ಬಾಟಲಿ ಮಜ್ಜಿಗೆ ಕೊಟ್ಟು ಕಳಿಸ್ತೀನಿ. ಮಜ್ಜಿಗೆಯನ್ನ ಮದ್ದೂರು ದಾಟೋದರೊಳಗೆ ಕುಡಿದುಬಿಡಿ, ಸೆಕೆಗೆ ಹುಳಿಯಾಗುತ್ತೆ.

ನಿನ್ನ ಅಮ್ಮ