ಟಪಾಲು ಪೆಟ್ಟಿಗೆಯ ಬೀಗದ ಕೈ

ಪ್ರೀತಿಯ ತಂಗಿ,

ನಿನ್ನ ನಾಟಕ ಎರಡು ಸಲ ಓದಿದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನಲ್ಲಿ ಬೀದಿಗಿಳಿದದ್ದನ್ನು ಆರಿಸಿಕೊಂಡಿದ್ದೀಯ. ವಸ್ತು ಗಟ್ಟಿ ಇದೆ. ಆದರೆ ರಂಗದ ಮೇಲೆ ಹತ್ತು ಹೊಲಿಗೆ ಮಷಿನ್ ನಿಜವಾಗಿ ಓಡುತ್ತಿರಬೇಕು, ಆಗಲೇ ನಾಟಕ ನೈಜ ಅನ್ನಿಸುವುದು ಎಂದು ಚೀಟಿ ಇಟ್ಟಿದ್ದೀಯಲ್ಲ, ನನ್ನ ಜಗಳ ಅದರ ಜೊತೆ.

ನಿನ್ನ ವಯಸ್ಸಿನಲ್ಲಿ ನನಗೂ ಈ ಹುಚ್ಚು ಇತ್ತು. ನನ್ನ ಮೊದಲ ನಾಟಕದಲ್ಲಿ ತಾಯಿಯೊಬ್ಬಳು ಸ್ಟವ್ ಹಚ್ಚಿ ಉಪ್ಪಿಟ್ಟು ಮಾಡುತ್ತಾ, ಮನೆ ಮಾರಿಬಿಟ್ಟಿದ್ದೇನೆ ಎಂದು ಮಗನಿಗೆ ಹೇಳಬೇಕಿತ್ತು. ರವೆ ಹುರಿದ ಘಮ ಕೊನೇ ಸಾಲಿನವರೆಗೂ ಹೋಯಿತು. ಒಗ್ಗರಣೆ ಚಟಪಟ ಅಂದಾಗ ಚಪ್ಪಾಳೆಯೂ ಬಿತ್ತು. ಮನೆ ಮಾರಿದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಈ ಹುಚ್ಚಿಗೆ ಹಿರಿಯಣ್ಣನೊಬ್ಬ ಪ್ಯಾರಿಸ್ಸಿನಲ್ಲಿದ್ದ. ಆಂದ್ರೆ ಆಂತ್ವಾನ್, ಗ್ಯಾಸ್ ಕಂಪನಿಯ ಗುಮಾಸ್ತ. 1887ರಲ್ಲಿ 'ತೆಯಾತ್ರ್ ಲೀಬ್ರ್' ಎಂಬ ಪುಟ್ಟ ತಂಡ ಕಟ್ಟಿದ. ಕೈಯಲ್ಲಿ ಕಾಸಿಲ್ಲ. ಅಮ್ಮನ ಮನೆಯ ಮೇಜು ಕುರ್ಚಿಗಳನ್ನೇ ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ರಂಗದ ಮೇಲಿಟ್ಟ. ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕುರ್ಚಿಯೇ ಬೇರೆ, ಅಮ್ಮ ಕೂತು ಸವೆಸಿದ ಕುರ್ಚಿಯೇ ಬೇರೆ, ಅಲ್ವಾ? ಅವನ ನಟರು ಸಭೆಗೆ ಬೆನ್ನು ಹಾಕಿಯೂ ಮಾತಾಡಿದರು. ಅಲ್ಲಿಯವರೆಗೆ ಸರಿ. ಮರುವರ್ಷ ಕಟುಕರ ಬಗೆಗಿನ ನಾಟಕಕ್ಕೆ ನಿಜವಾದ ಮಾಂಸವನ್ನೇ ನೇತುಹಾಕಿದ. ಜನ ಇವತ್ತಿಗೂ ಆ ಮಾಂಸದ ಮಾತಾಡುತ್ತಾರೆ, ನಾಟಕದ ಮಾತು ಯಾರೂ ಎತ್ತುವುದಿಲ್ಲ. ನನ್ನ ಉಪ್ಪಿಟ್ಟಿನ ಕಥೆಯೇ.

ಈಗ ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ತೆಗೆದುಕೋ. 1879ರ ಡಿಸೆಂಬರ್ 21ರಂದು ಕೋಪನ್‌ಹೇಗನ್‌ನಲ್ಲಿ ಮೊದಲು ಆಡಿದರು. ನಾಟಕವೆಲ್ಲ ಒಂದೇ ನಡುಮನೆಯಲ್ಲಿ ನಡೆಯುತ್ತದೆ. ಗಂಡನ ಕಾಯಿಲೆ ವಾಸಿ ಮಾಡಲು ನೋರಾ ಗುಟ್ಟಾಗಿ 1,200 ಡಾಲರ್ (ಆಗಿನ ನಾರ್ವೆಯ ಡಾಲರ್) ಸಾಲ ಮಾಡಿದ್ದಾಳೆ. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ಸಾಲ ಮಾಡುವ ಹಾಗಿಲ್ಲದ ಕಾಲ. ಜಾಮೀನಿಗೆ ಅಪ್ಪನ ರುಜು ಬೇಕು. ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾರೆ. ತಾನೇ ರುಜು ಹಾಕಿಬಿಟ್ಟಳು. ಅಪ್ಪ ತೀರಿದ್ದು ಸೆಪ್ಟೆಂಬರ್ 29. ಪತ್ರದ ಮೇಲೆ ಅವರ ರುಜುವಿನ ತಾರೀಖು ಅಕ್ಟೋಬರ್ 2!

ಸಿಕ್ಕಿಬಿದ್ದದ್ದು ಅಲ್ಲಿ. ಹಳೇ ನಾಟಕಗಳಲ್ಲಿ ಮನುಷ್ಯರನ್ನು ಕಾಡುತ್ತಿದ್ದ ಶಾಪದ ಜಾಗಕ್ಕೆ ಸಾಲಪತ್ರ ಬಂದು ಕೂತಿತು. ಯಂತ್ರ, ಬ್ಯಾಂಕು, ತಿಂಗಳ ಸಂಬಳ ಬಂದ ಕಾಲದ ನಾಟಕಕ್ಕೆ ಅದೇ ಸರಿ. ಸಾಲ ಕೊಟ್ಟವನೂ ಗಂಡನ ಬ್ಯಾಂಕಿನ ನೌಕರನೇ. ಕೆಲಸ ಹೋಗುತ್ತದೆ ಎಂದಾಗ ಎಲ್ಲ ಬರೆದು ಟಪಾಲು ಪೆಟ್ಟಿಗೆಗೆ ಹಾಕುತ್ತಾನೆ. ಪೆಟ್ಟಿಗೆಗೆ ಗಾಜಿದೆ, ಕಾಗದ ಕಾಣುತ್ತದೆ. ಬೀಗದ ಕೈ ಗಂಡನ ಹತ್ತಿರ. ಆಮೇಲೆ ಅವನು ಪೆಟ್ಟಿಗೆ ತೆರೆಯಲು ಹೋದಾಗ ಬೀಗದಲ್ಲಿ ಮುರಿದ ಹೇರ್‌ಪಿನ್ ಸಿಗುತ್ತದೆ. ಮಕ್ಕಳ ಕೆಲಸ ಇರಬೇಕು ಅನ್ನುತ್ತಾಳೆ ನೋರಾ. ಕೊನೆಯಲ್ಲಿ ಅವಳು ಬಾಗಿಲು ದಡ್ ಅಂತ ಹಾಕಿಕೊಂಡು ಹೋಗುವುದನ್ನೇ ಎಲ್ಲರೂ ಹೊಗಳುತ್ತಾರೆ. ನನಗೆ ಆ ಹೇರ್‌ಪಿನ್ನೇ ಜಾಸ್ತಿ. ಆ ಪೆಟ್ಟಿಗೆಯನ್ನು ರಟ್ಟಿನಲ್ಲಿ ಮಾಡಿಟ್ಟರೂ ನಡೆಯುತ್ತದೆ, ಬೀಗ ಮಾತ್ರ ಇರಬೇಕು.

(ಜರ್ಮನಿಯ ನಟಿಯೊಬ್ಬಳು, ಮಕ್ಕಳನ್ನು ಬಿಟ್ಟು ಹೋಗುವ ತಾಯಿಯ ಪಾತ್ರ ತಾನು ಮಾಡುವುದಿಲ್ಲ ಅಂದಳು. ಬೇರೆಯವರು ಕೆಡಿಸುವುದಕ್ಕಿಂತ ವಾಸಿ ಎಂದು ಇಬ್ಸೆನ್ ತಾನೇ, ನೋರಾ ಮನೆಯಲ್ಲೇ ಉಳಿಯುವ ಕೊನೆ ಬರೆದುಕೊಟ್ಟ. ಅವನಿಗೂ ಇಂಥ ದಿನಗಳಿದ್ದವು.)

ನಿನ್ನ ವಸ್ತುವಿಗೆ ಇನ್ನೂ ಹತ್ತಿರದ್ದು ಜರ್ಮನ್ ನಾಟಕಕಾರ ಹಾಪ್ಟ್‌ಮನ್‌ನ 'ದಿ ವೀವರ್ಸ್', 1892ರದ್ದು. 1844ರಲ್ಲಿ ಸೈಲೀಷಿಯಾ ಸೀಮೆಯ ನೇಕಾರರು ಎದ್ದು ನಿಂತ ಕಥೆ. ಬರ್ಲಿನ್ ಪೊಲೀಸರು ಅದರ ಪ್ರದರ್ಶನಕ್ಕೆ ತಡೆ ಹಾಕಿದ್ದರು. ಅದು ಶುರುವಾಗುವುದು ಮಗ್ಗದ ಮುಂದೆ ಅಲ್ಲ, ಧಣಿಯ ಮನೆಯಲ್ಲಿ, ನೇಯ್ದ ಬಟ್ಟೆ ಒಪ್ಪಿಸುವ ಕೋಣೆಯಲ್ಲಿ. ಒಬ್ಬ ಭೂತಗನ್ನಡಿ ಹಿಡಿದು ಬಟ್ಟೆಯಲ್ಲಿ ಹುಳುಕು ಹುಡುಕುತ್ತಾನೆ. ಇನ್ನೊಬ್ಬ ತಕ್ಕಡಿಗೆ ಹಾಕುತ್ತಾನೆ. ಮಗದೊಬ್ಬ ಕಾಸು ಎಣಿಸುತ್ತಾನೆ. ಸಾಲಿನಲ್ಲಿದ್ದ ಹುಡುಗನೊಬ್ಬ ಹಸಿವಿನಿಂದ ಕುಸಿದು ಬೀಳುತ್ತಾನೆ. ಇಷ್ಟಾದ ಮೇಲೆ ಯಾರೂ ಎದ್ದು ನಿಂತು ಶೋಷಣೆ ಅಂದರೇನು ಎಂದು ಸುಮ್ನೆ ವಿವರಿಸಬೇಕಿಲ್ಲ.

ನಿನ್ನ ಮೂರನೇ ದೃಶ್ಯದಲ್ಲಿ ಅಂಥದ್ದೇ ಒಂದು ಜಾಗ ಇದೆ. ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವವರೆಗೂ ತೆಗೆಯುವ ಹಾಗಿಲ್ಲ ಎಂಬ ಸುದ್ದಿ ಬರುತ್ತದೆ. ಮೂವತ್ತೊಂದರ ಹೆಂಗಸೊಬ್ಬಳು ಬೆರಳು ಮಡಚಿ ವರ್ಷ ಎಣಿಸಿ, "ಅಲ್ಲೀ ತನಕ ಈ ಸೊಂಟ ಇರುತ್ತಾ?" ಅನ್ನುತ್ತಾಳೆ. ಓದುವಾಗ ಪುಸ್ತಕ ಕೆಳಗಿಟ್ಟು ಒಂದು ನಿಮಿಷ ಕೂತೆ. ಅದರ ಮುಂದೆ ಮೂರು ಪುಟದ ಭಾಷಣ ಹಾಕಿದ್ದೀಯ. ತೆಗೆದುಬಿಡು. ಅವಳ ಖಾತೆಯಲ್ಲಿ ಎಷ್ಟಿದೆ? ಯಾವ ತಾರೀಖಿನೊಳಗೆ ಬೇಕು? ಯಾರಿಗೆ ಮಾತು ಕೊಟ್ಟಿದ್ದಾಳೆ? ಅವಳ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ?

ಮಷಿನ್ ಒಂದು ಸಾಕು, ಓಡದಿದ್ದರೂ ನಡೆಯುತ್ತದೆ. ತಿದ್ದಿದ್ದನ್ನು ಹಬ್ಬದೊಳಗೆ ಕಳಿಸು.

ಇಂತಿ,
ನಿನ್ನ ಅಣ್ಣ